ನಿತ್ಯ ಗುರುಮೌಢ್ಯ ವಿಚಾರ

ಗುರು ಅಸ್ತನಾದರೆ ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶದ ಮಾತನ್ನಂತೂ ಎತ್ತುವ ಹಾಗಿಲ್ಲ. ಸೂರ್ಯನಿಂದ ಹನ್ನೊಂದು ಅಂಶದೊಳಗೆ ಬಂದನೋ, ಮೌಢ್ಯ, ಹೊರಬಿದ್ದನೋ, ಓಲಗ. ಇದು ಕಲ್ಯಾಣ ಮಂಟಪದ ಕಾವಲುಗಾರನಿಗೂ ಗೊತ್ತಿರುವ ಸಂಗತಿ. ಆದರೆ ಹುಟ್ಟಿದ ಮೇಲೆ ಒಮ್ಮೆಯೂ ಆ ಹನ್ನೊಂದು ಅಂಶ ದಾಟದ ಗುರುವೊಬ್ಬನಿದ್ದರೆ ಅಲ್ಲಿನ ಲಗ್ನಗಳ ಗತಿಯೇನು? ನಿರ್ಣಯಸಿಂಧು, ಧರ್ಮಸಿಂಧು ಎರಡೂ ಈ ವಿಷಯದಲ್ಲಿ ತುಟಿ ಬಿಚ್ಚಿಲ್ಲ. ಆ ಕೊರತೆ ನೀಗುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ. ಲೇಖಕನ ಬಳಿ ದೂರದರ್ಶಕವಿಲ್ಲ. ಹಳೆಯ ಪಂಚಾಂಗಗಳ ಒಂದು ಕಟ್ಟಿದೆ, ಕನ್ನಡಕವಿದೆ, ಸಂಜೆಯ ಹೊತ್ತು ಧಾರಾಳವಾಗಿದೆ.

ಮೊದಲು ಸ್ಥಳನಿರ್ದೇಶ. ಅಂಥ ಗುರುವಿರುವ 51 ಪೆಗಾಸಿ ಎಂಬ ನಕ್ಷತ್ರ ನಮಗೆ ಸುಮಾರು 50 ಜ್ಯೋತಿರ್ವರ್ಷ ದೂರ. ಜಾತಿಯಲ್ಲಿ ನಮ್ಮ ಸೂರ್ಯನ ಸಗೋತ್ರ. ಪೂರ್ವಾಭಾದ್ರೆಯ ಎರಡು ತಾರೆಗಳನ್ನು ಗೆರೆ ಎಳೆದು ಸೇರಿಸಿದರೆ ಆ ಗೆರೆಯ ನಡುಭಾಗದಿಂದ ತುಸು ಪಶ್ಚಿಮಕ್ಕೆ, ಕತ್ತಲೆ ರಾತ್ರಿಯಲ್ಲಿ ಕಷ್ಟಪಟ್ಟರೆ ಬರಿಗಣ್ಣಿಗೂ ಕಾಣುತ್ತದೆ. ರಾಶಿ? ಕುಂಭ–ಮೀನಗಳ ಸಂಧಿ. ಯಾರ ಅಯನಾಂಶ ಹಿಡಿಯಬೇಕೆಂಬ ಜಗಳಕ್ಕೆ ಇಲ್ಲಿ ಪ್ರವೇಶವಿಲ್ಲ. ಆ ಜಗಳದಲ್ಲಿ ಎಷ್ಟೋ ಸ್ನೇಹಗಳು ಹಾಳಾಗಿವೆ.

ಇನ್ನು ಗುರುವಿನ ವಿಚಾರ. ನಮ್ಮ ಗುರು ಸೂರ್ಯನನ್ನು ಸುತ್ತಲು ಹತ್ತಿರ ಹತ್ತಿರ ಹನ್ನೆರಡು ವರ್ಷ ತೆಗೆದುಕೊಳ್ಳುವ ಗಂಭೀರ ವ್ಯಕ್ತಿ. ಅಲ್ಲಿನವನು ನಮ್ಮವನ ಅರ್ಧದಷ್ಟಾದರೂ ತೂಕದವನು, ಸುತ್ತು ಮುಗಿಸುವುದು 4.23 ದಿನದಲ್ಲಿ. ಭೂಮಿ–ಸೂರ್ಯರ ದೂರದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಅಂತರದಲ್ಲಿ ತನ್ನ ಸೂರ್ಯನ ಮಗ್ಗುಲಲ್ಲೇ ಓಡಾಡಿಕೊಂಡಿದ್ದಾನೆ. ಮೈಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. 2015ರಲ್ಲಿ ಇವನಿಗೆ ಡಿಮಿಡಿಯಂ ಎಂದು ನಾಮಕರಣವಾಯಿತು. ಮುಹೂರ್ತ ನೋಡಿದ್ದರೋ ಇಲ್ಲವೋ, ದಾಖಲೆಯಿಲ್ಲ.

ಇವನನ್ನು ಕಂಡವರು ಜಿನೀವಾದ ಮಿಶೆಲ್ ಮೇಯರ್ ಮತ್ತು ಅವರ ಶಿಷ್ಯ ದಿದಿಯೆ ಕೆಲೋ. ಕಂಡರು ಎನ್ನುವುದೂ ಉಪಚಾರದ ಮಾತೇ. ಗ್ರಹ ಸುತ್ತುವಾಗ ನಕ್ಷತ್ರವೂ ತುಸು ತೂಗುತ್ತದೆ, ಒಮ್ಮೆ ನಮ್ಮತ್ತ, ಒಮ್ಮೆ ಆಚೆ. ಆಗ ಅದರ ಬೆಳಕಿನ ರೇಖೆಗಳು ಒಮ್ಮೆ ನೀಲಿಗೆ, ಒಮ್ಮೆ ಕೆಂಪಿಗೆ ಸರಿಯುತ್ತವೆ. ದಕ್ಷಿಣ ಫ್ರಾನ್ಸಿನ ಓಟ್-ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಎಲೋಡಿ ಎಂಬ ರೋಹಿತಮಾಪಕ ಅಳೆದ ಈ ತೂಗಾಟದ ವೇಗ ಸೆಕೆಂಡಿಗೆ ಐವತ್ತು ಚಿಲ್ಲರೆ ಮೀಟರು. ನಕ್ಷತ್ರದಂಥ ನಕ್ಷತ್ರ ರೇಸಿನ ಕಾರಿನ ವೇಗದಲ್ಲಿ ಹಿಂದೆಮುಂದೆ ಆಡುತ್ತಿದೆ! ಕೆಲೋ ಮೊದಲು ಅನುಮಾನಪಟ್ಟದ್ದು ನಕ್ಷತ್ರವನ್ನಲ್ಲ, ತಮ್ಮ ಉಪಕರಣವನ್ನು. ಗುರುಗಳು ಆಗ ಹವಾಯಿಯಲ್ಲಿ.

ಮುಂದಿನದು ಈ ಪ್ರಬಂಧದ ಜೀವಾಳ, ಪರೀಕ್ಷಕರು ಗಮನಿಸಬೇಕು. 1995ರ ಮಾರ್ಚಿನಲ್ಲಿ ಸೂರ್ಯ ಪೂರ್ವಾಭಾದ್ರೆಗೆ ಬಂದ. ಪ್ರತಿ ಮಾರ್ಚಿನಲ್ಲೂ ಬರುತ್ತಾನೆ. 51 ಪೆಗಾಸಿಯೇ ಅಸ್ತವಾಯಿತು. ಸ್ವಿಸ್ ಪಂಡಿತರು ಏನು ಮಾಡಿದರು? ಶುಭಕಾರ್ಯ ಮುಂದೂಡಿದರು! ಜುಲೈಯಲ್ಲಿ ನಕ್ಷತ್ರ ಮತ್ತೆ ಕೈಗೆ ಸಿಕ್ಕಿದಾಗ, ತಾವು ಗುಣಿಸಿಟ್ಟ ಹೊತ್ತಿಗೆ ಗುಣಿಸಿಟ್ಟ ತೂಗಾಟ ಕಂಡ ಮೇಲೆಯೇ ಬರೆಯಲು ಕೂತರು. ಅಕ್ಟೋಬರ್ 6ರಂದು ಫ್ಲಾರೆನ್ಸ್ ನಗರದಲ್ಲಿ ಸಾರಿದರು. ಅಸ್ತಕಾಲದಲ್ಲಿ ಕಾರ್ಯ ಕೂಡದೆಂಬ ನಿಯಮ ಪಾಲಿಸಿದ್ದಕ್ಕೇ ಅವರಿಗೆ 2019ರ ನೊಬೆಲ್‌ನಲ್ಲಿ ಅರ್ಧ ಪಾಲು ಬಂತೆಂದು ಲೇಖಕನ ದೃಢವಾದ ಮತ. ಸ್ವೀಡನ್ನಿನವರು ಬೇರೆ ಕಾರಣ ಕೊಟ್ಟಿದ್ದಾರೆ.

ಇಲ್ಲಿ ಸಿದ್ಧಾಂತಿಗಳಿಗೂ ದೃಗ್ಗಣಿತದವರಿಗೂ ಇರುವ ಹಳೆಯ ವ್ಯಾಜ್ಯವನ್ನು ತೆರೆಯದೆ ವಿಧಿಯಿಲ್ಲ. ಸಿದ್ಧಾಂತಿಗಳ ವಾದ ಹೀಗೆ: ದೈತ್ಯ ಗ್ರಹ ಹುಟ್ಟುವುದು ಹಿಮರೇಖೆಯ ಆಚೆ, ನೀರು ಮಂಜುಗಡ್ಡೆಯಾಗುವ ಚಳಿಯಲ್ಲಿ, ಅಲ್ಲಿ ಗಟ್ಟಿ ತಿರುಳು ಬೆಳೆದು ಅನಿಲವನ್ನು ಬಾಚಿಕೊಳ್ಳುತ್ತದೆ. ಆದ್ದರಿಂದ ಗುರುವೆಂದರೆ ದೂರ, ಗುರುವೆಂದರೆ ನಿಧಾನ. ಪ್ರಮಾಣ? ನಮ್ಮ ಸೌರವ್ಯೂಹ. ಎರಡನೆಯ ಪ್ರಮಾಣ? ಅದೇ ಸೌರವ್ಯೂಹ, ಇನ್ನೊಮ್ಮೆ. ಒಂದೇ ಮನೆ ನೋಡಿ ಇಡೀ ಊರಿನ ಗೃಹ್ಯಸೂತ್ರ ಬರೆದ ಈ ಸಾಹಸಕ್ಕೆ ಪ್ರಸ್ತುತ ಲೇಖಕ ಮನಸೋತಿದ್ದಾನೆ. ಅವನ ಸ್ವಂತ ಪದ್ಧತಿಯೂ ಅದೇ. ಆಟೊ ಸ್ಟ್ರೂವ್ 1952ರಲ್ಲೇ, ದೊಡ್ಡ ಗ್ರಹ ನಕ್ಷತ್ರಕ್ಕೆ ಆತುಕೊಂಡು ಒಂದೇ ದಿನದಲ್ಲಿ ಸುತ್ತಬಾರದೇಕೆ, ಹಾಗಿದ್ದರೆ ತೂಗಾಟ ಅಳೆದು ಹಿಡಿಯಬಹುದಲ್ಲ ಎಂದು ಬರೆದಿದ್ದರು. ಯಾರೂ ಕಿವಿಗೊಡಲಿಲ್ಲ. ಕ್ಯಾಲಿಫೋರ್ನಿಯಾದ ಜೆಫ್ ಮಾರ್ಸಿ, ಪಾಲ್ ಬಟ್ಲರ್ ಎಂಟು ವರ್ಷಗಳಿಂದ ನಕ್ಷತ್ರಗಳನ್ನು ಅಳೆಯುತ್ತಲೇ ಇದ್ದರು. ಗುರು ಸಿಗಲು ವರ್ಷಗಟ್ಟಲೆ ಬೇಕೆಂಬ ನಂಬಿಕೆಯಲ್ಲಿ ಬಹುಪಾಲು ಅಂಕಿಗಳು ಲೆಕ್ಕಕ್ಕೇ ಬಾರದೆ ಬಿದ್ದಿದ್ದವು. ಫ್ಲಾರೆನ್ಸಿನ ಸುದ್ದಿ ಬಂದ ಕೆಲವೇ ದಿನಗಳಲ್ಲಿ ಲಿಕ್ ವೀಕ್ಷಣಾಲಯದಿಂದ ನೋಡಿ, ಹೌದು, ಇದ್ದಾನೆ ಎಂದರು. ಆಮೇಲೆ ತಮ್ಮ ಅಂಕಿಗಳನ್ನೇ ಜಾಲಾಡಿದರೆ ಅಲ್ಲೂ ಗ್ರಹಗಳು! ಇದರಿಂದ ಸಿದ್ಧವಾಗುವುದಿಷ್ಟು: 1995ರವರೆಗೆ ಮೌಢ್ಯವಿದ್ದದ್ದು ನಿಜ, ಗುರುವಿಗೋ ನೋಡುವವರಿಗೋ ಎಂಬುದು ವಿಚಾರಣೀಯ. ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾಯ್ದೆ ಕ್ಯಾಲಿಫೋರ್ನಿಯಾಕ್ಕೆ ಅನ್ವಯಿಸುವುದಿಲ್ಲ.

ಪೂರ್ವಪಕ್ಷ. 1997ರಲ್ಲಿ ಕೆನಡಾದ ಡೇವಿಡ್ ಗ್ರೇ, ಗುರುವೇ ಇಲ್ಲ, ನಕ್ಷತ್ರ ತಾನಾಗಿ ಮಿಡಿಯುತ್ತಿದೆ ಎಂದರು. ಮರುವರ್ಷ ಹೊಸ ವೀಕ್ಷಣೆಯಲ್ಲಿ ಮಿಡಿತ ಕಾಣಲಿಲ್ಲ. ಅದನ್ನೂ ಅವರೇ ಪ್ರಕಟಿಸಿದರು. ತನ್ನ ಪೂರ್ವಪಕ್ಷವನ್ನು ತಾನೇ ಖಂಡಿಸಿಕೊಳ್ಳುವ ವಿದ್ವಾಂಸ ನಮ್ಮ ವಿಚಾರಸಂಕಿರಣಗಳಲ್ಲಿ ಲೇಖಕನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಈಗ ಪಂಚಾಂಗರಚನೆ. ಅಷ್ಟು ಹತ್ತಿರದ ಗ್ರಹದ ಬಳಿ ಚಂದ್ರ ಬಹುಕಾಲ ನಿಲ್ಲಲಾರ. ಚಂದ್ರನಿಲ್ಲವೆಂದರೆ ತಿಥಿಯಿಲ್ಲ, ತಿಥಿಯ ಅರ್ಧವಾದ ಕರಣವಿಲ್ಲ, ಸೂರ್ಯಚಂದ್ರರನ್ನು ಕೂಡಿಸಿ ಪಡೆಯುವ ಯೋಗವೂ ಇಲ್ಲ. ಗ್ರಹದ ಒಂದೇ ಮುಖ ಸದಾ ನಕ್ಷತ್ರದ ಕಡೆಗಿರುತ್ತದೆಂದು ಖಗೋಳಜ್ಞರ ಎಣಿಕೆ. ಹಗಲಿನವರಿಗೆ ನಮ್ಮ ಸೂರ್ಯನ ಇಪ್ಪತ್ತು ಪಟ್ಟಿಗೂ ಮಿಕ್ಕ ಅಗಲದ ಬಿಂಬ ನೆತ್ತಿಯ ಮೇಲೆ ಕದಲದೆ ಕೂತಿದೆ. ಉದಯವಿಲ್ಲ, ಹಾಗಾಗಿ ವಾರವಿಲ್ಲ. ಉದಯದಿಂದ ಎಣಿಸುವ ರಾಹುಕಾಲ ಅಲ್ಲಿ ಎಂದೂ ಇಲ್ಲವೋ ಅಥವಾ ಎಂದಿಗೂ ಮುಗಿಯುವುದಿಲ್ಲವೋ, ಎರಡು ಪಕ್ಷಕ್ಕೂ ಸಮಾನ ಬಲ. ಉಳಿದದ್ದು ನಕ್ಷತ್ರವೊಂದೇ, ಅದೂ ಚಂದ್ರನದಲ್ಲ, ಸೂರ್ಯನದು. ಐದು ಅಂಗಗಳಲ್ಲಿ ನಾಲ್ಕು ಬಿದ್ದು ಒಂದೇ ಕಾಲಿನ ಮೇಲೆ ನಿಂತಿತು ಪಂಚಾಂಗ. ಪೂರ್ವಾಭಾದ್ರೆಯ ಅಧಿದೇವತೆ ಯಾರು? ಅಜ ಏಕಪಾದ! ಪ್ರಾಚೀನರಿಗೆ ಇದು ತಿಳಿದಿತ್ತು ಎನ್ನಲು ಇದಕ್ಕಿಂತ ದುರ್ಬಲವಾದ ಆಧಾರಗಳ ಮೇಲೆ ಡಾಕ್ಟರೇಟುಗಳು ಸಂದಿವೆ.

ಉಳಿದ ಆ ಒಂದು ಅಂಗವೂ ಸುಖವಾಗಿಲ್ಲ. ಇಪ್ಪತ್ತೇಳು ಮಳೆನಕ್ಷತ್ರಗಳು 4.23 ದಿನದಲ್ಲಿ ಮುಗಿಯಬೇಕಾದ್ದರಿಂದ ಒಂದೊಂದಕ್ಕೆ ಮೂರು ಮುಕ್ಕಾಲು ಗಂಟೆ. ಆರಿದ್ರೆಗೆಂದು ಕಾದ ರೈತ ಮಧ್ಯಾಹ್ನದ ನಿದ್ದೆ ತೆಗೆದೆದ್ದರೆ ಪುನರ್ವಸು. (ಎಚ್‌ಡಿ 189733 ಎಂಬ ಇನ್ನೊಂದು ನಕ್ಷತ್ರದ ಇಂಥದೇ ಗುರುವಿನ ಮೇಲೆ ಗಾಜಿನ ಮಳೆ ಅಡ್ಡಡ್ಡ ಹೊಡೆಯುತ್ತದೆಂದು ಊಹೆ. ಬೆಳೆವಿಮೆಯವರು ನೋಡಿಕೊಳ್ಳಲಿ.) ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರ 254 ದಿನದಲ್ಲಿ ಮುಗಿಯುತ್ತದೆ. ನಮ್ಮ ಲೆಕ್ಕದಲ್ಲಿ ಅನ್ನಪ್ರಾಶನವಾಗಿ ಮೂರು ತಿಂಗಳೊಳಗೆ ಷಷ್ಟ್ಯಬ್ದಿ. ಸರ್ಕಾರಿ ನೌಕರನಾದರೆ ಅದೇ ದಿನ ನಿವೃತ್ತಿ.

ಇನ್ನು ಮುಖ್ಯ ಪ್ರಶ್ನೆ. ಇಲ್ಲಿಂದ ನೋಡಿದರೆ ಆ ಗುರು ತನ್ನ ಸೂರ್ಯನಿಂದ ಅತಿ ದೂರ ಸರಿದಾಗಲೂ ಹನ್ನೊಂದು ಅಂಶದ ಕೋಟಿಯಲ್ಲೊಂದು ಪಾಲಿನಷ್ಟೂ ಸರಿದಿರುವುದಿಲ್ಲ. ಆದ್ದರಿಂದ ನಿತ್ಯಮೌಢ್ಯ. ಆಕ್ಷೇಪ: ಮೌಢ್ಯ ಎಣಿಸಬೇಕಾದ್ದು ಅಲ್ಲಿನವರ ದೃಷ್ಟಿಯಿಂದ, ಗುರುವಿನ ಮೇಲೆಯೇ ನಿಂತವನಿಗೆ ಗುರು ಅಸ್ತನಾಗುವುದು ಹೇಗೆ? ಸಮಾಧಾನ: ಅದು ಅನಿಲಗೋಳ, ನಿಲ್ಲಲು ನೆಲವೇ ಇಲ್ಲ. ಆಕ್ಷೇಪಕ್ಕೆ ಆಧಾರವಿಲ್ಲ.

ಪರಿಹಾರವುಂಟೇ? ಗುರು ದೂರದಲ್ಲಿ ಹುಟ್ಟಿ, ಎಳೆಯ ನಕ್ಷತ್ರದ ಸುತ್ತಲಿನ ಅನಿಲದ ತಟ್ಟೆಯ ಎಳೆತಕ್ಕೆ ಒಳಗೆ ಸರಿದುಬಂದನೆಂದು ಬಹುಮತ. ಆ ತಟ್ಟೆ ಎಂದೋ ಚದುರಿಹೋಗಿದೆ. ಬಂದ ದಾರಿಯಲ್ಲಿ ಹಿಂತಿರುಗಿ ಕಳಿಸುವ ಹಾಗಿಲ್ಲ. ಹೀಗಾಗಿ ಉಳಿದದ್ದು ಮುಹೂರ್ತ ಬೇಡದ ನೋಂದಣಿ ವಿವಾಹ. ಅದಕ್ಕೂ ವಿಶೇಷ ವಿವಾಹ ಕಾಯ್ದೆಯ 30 ದಿನಗಳ ನೋಟಿಸು ಬೇಕು, ಅಂದರೆ ಅಲ್ಲಿನ ಏಳು ವರ್ಷ ಫಲಕದ ಮೇಲೆ ಹೆಸರು. ಒಂದು ಅನುಕೂಲವಿದೆ: ಈ ಬಗೆಯ ಗುರುಗಳಿಗೆ ಹತ್ತಿರದ ನೆರೆಹೊರೆ ಬಲು ಅಪರೂಪ, ತಕರಾರು ಹೂಡುವವರು ಸಿಗುವುದಿಲ್ಲ. ವಾಸ್ಪ್-47ರ ನಿವಾಸಿಗಳಿಗೆ ಮಾತ್ರ ಈ ಸೌಕರ್ಯವಿಲ್ಲ. ಅಲ್ಲಿ ಗುರುವಿನ ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು ಗ್ರಹವಿರುವುದು 2015ರಲ್ಲಿ ಪತ್ತೆಯಾಗಿದೆ. ಅವರು ನೋಟಿಸು ಹಚ್ಚುವ ಮುಂಚೆ ಎರಡೂ ಕಡೆಯವರನ್ನು ಕರೆದು ಊಟ ಹಾಕುವುದು ಒಳ್ಳೆಯದು.