ಎಂದು ಭಾವಿಸತಕ್ಕದ್ದು

ಊರಿನ ಜಮೀನಿನಲ್ಲಿ ನನ್ನ ಪಾಲಿಗೆ ಬಂದದ್ದರಲ್ಲಿ, ರಸ್ತೆ ಬದಿಯ ಎರಡು ಗುಂಟೆಯಲ್ಲಿ ಒಂದು ಹಿಟ್ಟಿನ ಗಿರಣಿ ಹಾಕಿಸೋಣವೆಂದು ಹೊರಟೆ. ಕನ್ವರ್ಷನ್ ಆಗಬೇಕು ಎಂದರು. ಅರ್ಜಿ ಕೊಟ್ಟೆ. ಸ್ಕೆಚ್ ಇಲ್ಲವೆಂದು ಹಿಂಬರಹ ಬಂತು. ಸ್ಕೆಚ್ ಮಾಡಿಸಿದೆ. ಪೋಡಿ ಆಗಿಲ್ಲವೆಂದು ಇನ್ನೊಂದು ಹಿಂಬರಹ ಬಂತು. ಕೊನೆಗೆ ಗುಮಾಸ್ತರನ್ನೇ ಹಿಡಿದು ಕೇಳಿದಾಗ ಅವರು ಕಾಗದದಿಂದ ಕಣ್ಣೆತ್ತಿ, "ಸ್ವಾಮಿ, ಅನ್ನ ಕೊಡೋ ಭೂಮಿ ಇದು. ಹಂಗೆಲ್ಲ ಬೇರೆದಕ್ಕೆ ಬಳಸೋಕೆ ಬಿಟ್ಟುಬಿಟ್ರೆ ದೇಶದ ಗತಿ ಏನು?" ಎಂದರು. ರಾಗಿ ಬೀಸುವ ಕಲ್ಲಿನಿಂದ ದೇಶದ ಅನ್ನಕ್ಕೆ ಇಷ್ಟೊಂದು ಕಂಟಕವಿದೆಯೆಂದು ನನಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಎದ್ದು ಬಂದೆ.

1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ನನ್ನಂಥವರಿಗೂ ಒಂದು ಆಸರೆ ಇದೆ. ಜಿಲ್ಲಾಧಿಕಾರಿಗಳು ನಾಲ್ಕು ತಿಂಗಳಲ್ಲಿ ಏನೂ ಹೇಳದಿದ್ದರೆ ಅನುಮತಿ ಸಿಕ್ಕಿತೆಂದು ಭಾವಿಸತಕ್ಕದ್ದು. ಸೊಗಸಾದ ಕ್ರಿಯಾಪದ. ಕನ್ನಡ ಸಾಹಿತ್ಯದಲ್ಲಿ ಭಾವಕ್ಕೆ ಇಷ್ಟು ಕಾನೂನುಬಲ ಇನ್ನೆಲ್ಲೂ ಸಿಕ್ಕಿಲ್ಲ. ಎಡವಟ್ಟು ಏನೆಂದರೆ, ನಾಲ್ಕು ತಿಂಗಳು ತುಂಬಲು ಎರಡು ದಿನ ಇರುವಾಗ ಸರಿಯಾಗಿ ಒಂದು ಹಿಂಬರಹ ಬಂದು ಬೀಳುತ್ತದೆ. ಭಾವಿಸಲು ಪುರುಸೊತ್ತೇ ಇರುವುದಿಲ್ಲ.

ಹಾಗಾದರೆ ಭಾವಿಸುವ ಭಾಗ್ಯ ಯಾರಿಗೆ? ಪಾವಗಡಕ್ಕೆ ಹೋಗಿ ನೋಡಿ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ. ಸಾಮರ್ಥ್ಯ 2,050 ಮೆಗಾವ್ಯಾಟ್. ನನ್ನ ಗಿರಣಿಯ ಲೆಕ್ಕದಲ್ಲಿ ಹೇಳುವುದಾದರೆ ಎರಡು ಲಕ್ಷದ ಅರವತ್ತು ಸಾವಿರ ಗಿರಣಿಗಳಷ್ಟು ಜಾಗ. ಅಲ್ಲಿ ಯಾರೂ ಅನ್ನ ಕೊಡುವ ಭೂಮಿಯ ಮಾತೆತ್ತಲಿಲ್ಲ. ಸೌರ ಯೋಜನೆಗಳಿಗೆ ಭೂ ಪರಿವರ್ತನೆಯ ಹಾದಿಯನ್ನು ಸರ್ಕಾರವೇ ಗುಡಿಸಿ ಸಾರಿಸಿ ರಂಗೋಲಿ ಹಾಕಿ ಇಟ್ಟಿತ್ತು. 2014ರ ಸೌರ ನೀತಿಯ ಪ್ರಕಾರ ಅರ್ಜಿ ಹಾಕಿ, ಔಪಚಾರಿಕ ಅನುಮತಿಗೆ ಕಾಯದೆ ಕೆಲಸ ಶುರು ಮಾಡಬಹುದಿತ್ತು. ಬೆಳಗಾಗುವುದರೊಳಗೆ ಹೊಲ ಹೊಲವಲ್ಲ ಎಂದು ಭಾವಿಸಿದರಾಯಿತು.

2018ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗ ಇದಕ್ಕೆ 'ಶಕ್ತಿಸ್ಥಳ' ಎಂದು ಹೆಸರಿಟ್ಟರು. ಅದೇ ಹೆಸರಿನ ಸಮಾಧಿಯೊಂದು ದೆಹಲಿಯಲ್ಲಿ ಇದೆ ಎಂಬುದು ಆ ಹೊತ್ತಿನ ಸಡಗರದಲ್ಲಿ ಯಾರಿಗೂ ಹೊಳೆದಂತಿಲ್ಲ. ದೂರದಿಂದ ನೋಡಿದರೆ ಪ್ಯಾನಲ್‌ಗಳ ಸಾಲು ಕೋಡಿ ಬಿದ್ದ ಕೆರೆಯ ಹಾಗೆ ಮಿನುಗುತ್ತದೆ. ಬಳಸಮುದ್ರ ಎಂದು ಹೆಸರಿಟ್ಟ ಹಿರಿಯರ ಆಸೆ ಅಂತೂ ಹೀಗೆ ಕೈಗೂಡಿತು.

ಜಮೀನು ಕೊಟ್ಟ ರೈತರನ್ನು ನಾನು ಹೀಗಳೆಯುವುದಿಲ್ಲ. ಬರವೇ ಕಾಯಂ ನೆಂಟನಾದ ತಾಲ್ಲೂಕು ಅದು. ಕಡಲೆಕಾಯಿ ಬಿತ್ತಿ, ಮುಗಿಲು ನೋಡಿ, ಕೊನೆಗೆ ಬೀಜದ ಸಾಲವನ್ನಷ್ಟೇ ಕೊಯ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಎಂದರೆ ಬೇಡವೆನ್ನುವವರು ಯಾರು? ಮಾರಬೇಕಿಲ್ಲ, ಪಹಣಿಯಲ್ಲಿ ಹೆಸರು ಹಾಗೇ ಇರುತ್ತದೆ. ಮಳೆ ಕೈಕೊಟ್ಟೀತು, ಬಾಡಿಗೆ ಕೈಕೊಡದು. ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆಯೂ ಉಂಟು. ಶುರುವಿನ ಬಾಡಿಗೆಯಲ್ಲಿ ಎಕರೆಗೆ ದಿನಕ್ಕೆ ಐವತ್ತೇಳು ರೂಪಾಯಿ ಚಿಲ್ಲರೆ ಬೀಳುತ್ತಿತ್ತು. ಕಾಲು ಶತಮಾನ ಮೀರಿದ ಗುತ್ತಿಗೆಯ ಕೊನೆಯ ವರ್ಷ ಆ ದುಡ್ಡಿಗೆ ಏನು ಬರುತ್ತದೆ ಎಂದು ಲೆಕ್ಕ ಹಾಕುವುದು ಅಪಶಕುನ. ಸಾಕಾಗುತ್ತದೆ ಎಂದು ಭಾವಿಸೋಣ.

ಆದರೆ ಪಹಣಿಯನ್ನು ಒಮ್ಮೆ ಬೆಳಕಿಗೆ ಹಿಡಿದು ಓದಿ. ಕಾಲಂ 9ರಲ್ಲಿ ಮಾಲೀಕರ ಹೆಸರು. 11ರಲ್ಲಿ ಸಾಲ ಸೋಲ, ಇತರೆ ಹಕ್ಕುಗಳು. 12ರಲ್ಲಿ ಸಾಗುವಳಿದಾರರು ಮತ್ತು ಬೆಳೆ. ಕಳೆ ಕಿತ್ತವರು, ಕಡಲೆಕಾಯಿ ಬಿಡಿಸಿದವರು, ಕುಯ್ಲಾದ ಹೊಲದಲ್ಲಿ ಕುರಿ ಮೇಯಿಸಿದವರು ಯಾವ ಕಾಲಮಿನಲ್ಲಿ? ಎಲ್ಲೂ ಇಲ್ಲ. ಬಾಡಿಗೆ ಕಾಲಂ 9ರ ಮನೆಗೆ ಹೋಯಿತು. ಕಾಲಮ್ಮೇ ಇಲ್ಲದವರಿಗೆ ಹುಲ್ಲು ಕೊಯ್ಯುವ, ಪ್ಯಾನಲ್ ಒರೆಸುವ, ಗೇಟು ಕಾಯುವ ಕೆಲಸ. ಅದೂ ಕೆಲವರಿಗೆ. ಬಿತ್ತುವುದಕ್ಕೆ, ಕೀಳುವುದಕ್ಕೆ, ಒಕ್ಕುವುದಕ್ಕೆ ಊರಿಗೆ ಊರೇ ಬೇಕಿತ್ತು. ಸೂರ್ಯನಿಗೆ ಆಳು ಬೇಕಿಲ್ಲ.

ಇಲ್ಲೊಂದು ಚಮತ್ಕಾರವಿದೆ, ಮೆಚ್ಚಲೇಬೇಕು. 2013ರ ಭೂಸ್ವಾಧೀನ ಕಾಯ್ದೆ ಈ ಕಾಲಮ್ಮಿಲ್ಲದವರನ್ನು ಕಂಡಿತ್ತು. ಸ್ವಾಧೀನಕ್ಕೆ ಮೂರು ವರ್ಷ ಮೊದಲಿನಿಂದ ಆ ನೆಲದಲ್ಲಿ ದುಡಿದು ಬದುಕಿದ ಕೂಲಿಕಾರರನ್ನು, ಗೇಣಿದಾರರನ್ನು 'ಬಾಧಿತ ಕುಟುಂಬ' ಎಂದು ಅದು ಗುರುತಿಸುತ್ತದೆ. ಸಾಮಾಜಿಕ ಪರಿಣಾಮದ ಅಧ್ಯಯನ ಮಾಡಿಸಿ, ಅವರಿಗೂ ಪರಿಹಾರ ಕೊಡಿ ಎನ್ನುತ್ತದೆ. ಆದರೆ ಪಾವಗಡದಲ್ಲಿ ಸ್ವಾಧೀನವೇ ಆಗಲಿಲ್ಲವಲ್ಲ, ಗುತ್ತಿಗೆ ಆಯಿತು! ರೈತಸ್ನೇಹಿ ಮಾದರಿ ಎಂದು ಹೊಗಳಿಸಿಕೊಂಡದ್ದು ಅದೇ ಗುತ್ತಿಗೆ. ಸ್ವಾಧೀನವಿಲ್ಲವಾದ್ದರಿಂದ ಬಾಧಿತರಿಲ್ಲ. ಬಾಧಿತರಿಲ್ಲವಾದ್ದರಿಂದ ಬಾಧೆಯಿಲ್ಲ. ತರ್ಕಶಾಸ್ತ್ರದ ಮೇಷ್ಟರಿಗೂ ತಪ್ಪು ಹುಡುಕಲಾಗದು.

ಬೇಲಿಯ ಬಳಿ ಒಬ್ಬ ಅಜ್ಜ ಸಿಕ್ಕಿದ. ಹೆಗಲ ಮೇಲೆ ಕಂಬಳಿ, ಹಿಂದೆ ಹತ್ತಿಪ್ಪತ್ತು ಕುರಿ. ಪ್ಯಾನಲ್ ನೆರಳಿನಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದು ನಿಂತಿತ್ತು. "ಆಕಡೆ ಹುಲ್ಲೈತೆ, ಈಕಡೆ ಕುರಿ ಐತೆ ಸ್ವಾಮಿ. ಮಧ್ಯ ತಂತಿ ಐತೆ" ಎಂದ. ಒಂದು ಕುರಿ ಮೂತಿಯನ್ನು ಜಾಲರಿಗೆ ಒತ್ತಿ, ನಾಲಗೆಗೆ ಎಟುಕಿದ ನಾಲ್ಕು ಎಸಳನ್ನು ಎಳೆದುಕೊಳ್ಳುತ್ತಿತ್ತು. ಕಾವಲಿನ ಹುಡುಗ ಶಿಳ್ಳೆ ಹಾಕಿದ. ಅವನೂ ಅದೇ ಊರಿನವನೇ. "ನನ್ ತಂಗಿ ಮೊಮ್ಮಗ. ಡ್ಯೂಟಿ ಮೇಲವ್ನೆ" ಎಂದು ಅಜ್ಜ ಕುರಿ ಹೊಡೆದುಕೊಂಡು ಹೊರಟ.

ಇನ್ನು ಊರನ್ನು ಕೇಳುವ ಮಾತು. ಪಟ್ಟಣಗಳಿಗಾದರೆ ಮಾಸ್ಟರ್ ಪ್ಲಾನ್ ಇದೆ. ವಸತಿಗೆ ಹಳದಿ, ಕೈಗಾರಿಕೆಗೆ ನೇರಳೆ, ಕೃಷಿಗೆ ಹಸಿರು ಬಳಿದು, ಆಕ್ಷೇಪಣೆ ಇದ್ದರೆ ಹೇಳಿ ಎನ್ನುತ್ತಾರೆ. ಅದರಾಚೆಯ ಹಳ್ಳಿಗೆ ನಕ್ಷೆಯೂ ಇಲ್ಲ, ಬಣ್ಣವೂ ಇಲ್ಲ. ಉಷ್ಣ ವಿದ್ಯುತ್ ಸ್ಥಾವರವಾಗಿದ್ದರೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ಶಾಮಿಯಾನ ಹಾಕಿ ಸಾರ್ವಜನಿಕ ಅಹವಾಲು ಕೇಳಬೇಕಿತ್ತು. ಸೌರ ಫಲಕಗಳು ಆ ಪಟ್ಟಿಯಲ್ಲೇ ಇಲ್ಲ. ಹೊಗೆ ಬಾರದ ಕಡೆ ಅಹವಾಲು ಯಾಕೆ? ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅಸಾಂಪ್ರದಾಯಿಕ ಇಂಧನ ಅದರಲ್ಲೊಂದು. ಅಂದರೆ ಬಸ್ ಸ್ಟ್ಯಾಂಡಿನ ಸೋಲಾರ್ ದೀಪ ಯಾವ ಕಂಬಕ್ಕೆ ಎಂಬುದನ್ನು ಗ್ರಾಮ ಪಂಚಾಯಿತಿ ತೀರ್ಮಾನಿಸಲಿ, 13,000 ಎಕರೆಯ ಚಿಂತೆ ಬೆಂಗಳೂರಿಗಿರಲಿ ಎಂದು ಅದನ್ನು ಓದಿಕೊಳ್ಳತಕ್ಕದ್ದು.

ಬಿಸಿಲಿನಿಂದ ಕರೆಂಟು ಬರಬೇಕು, ಕಲ್ಲಿದ್ದಲ ಹೊಗೆ ಕಡಿಮೆಯಾಗಬೇಕು. ಅದರಲ್ಲಿ ನನಗೆ ತಕರಾರಿಲ್ಲ. ಈಗ ಪಾರ್ಕನ್ನು ಇನ್ನೂ ಹಿಗ್ಗಿಸುವ ಮಾತು ನಡೆದಿದೆ. ಮುಂದಿನ ಗುತ್ತಿಗೆ ಪತ್ರಕ್ಕೆ ರುಜು ಬೀಳುವ ಮುಂಚೆ ಒಂದು ಗ್ರಾಮಸಭೆ ಕರೆಯಿರಿ. ತಮಟೆ ಹೊಡೆಸಿ, ಪಹಣಿಯಲ್ಲಿ ಹೆಸರಿಲ್ಲದವರನ್ನೂ ಕೂಗಿ ಕೂರಿಸಿ, ಕೂಲಿ ಎಷ್ಟು ದಿನ ಸಿಗುತ್ತಿತ್ತು, ಕುರಿ ಎಲ್ಲಿ ಮೇಯುತ್ತಿತ್ತು ಎಂದು ಬರೆದುಕೊಳ್ಳಿ. ಬಾಡಿಗೆಯಲ್ಲಿ ಅವರಿಗೂ ಒಂದು ಪಾಲು ಇಡಿ, ಬೇಲಿಯಲ್ಲಿ ಕುರಿಗೊಂದು ದಾರಿ ಬಿಡಿ. ಒಪ್ಪಿದ್ದಾರೆಂದು ಮಾತ್ರ ದಯವಿಟ್ಟು ಭಾವಿಸಬೇಡಿ, ಕೇಳಿ.