ಎತ್ತಿನ ಜ್ವರ, ಎಮ್ಮೆಯ ಗಡಿ

ಡೆಟ್ರಾಯಿಟ್ ನಗರದ ಉತ್ತರದ ಎಲ್ಲೆ ಎಂಟು ಮೈಲಿ ರಸ್ತೆ. 1941ರಲ್ಲಿ ಅದರ ಮಗ್ಗುಲಲ್ಲೇ ಒಬ್ಬ ಬಿಲ್ಡರ್ ಅರ್ಧ ಮೈಲಿ ಉದ್ದದ ಗೋಡೆ ಕಟ್ಟಿಸಿದ. ಕರಿಯರ ಕೇರಿಗೂ ಬಿಳಿಯರ ಹೊಸ ಬಡಾವಣೆಗೂ ನಡುವೆ ಗೋಡೆಯೆದ್ದರಷ್ಟೇ ಗೃಹಸಾಲಕ್ಕೆ ಸರ್ಕಾರದ ಖಾತರಿ! ಆಮೇಲಿನ ಬಿಳಿಯರಿಗೆ ಆ ಖರ್ಚೂ ಬೀಳಲಿಲ್ಲ. ಶಾಲಾ ಜಿಲ್ಲೆಯ ಗಡಿಗೆರೆ ಇತ್ತಲ್ಲ, ಅದನ್ನು ದಾಟಿ ಮನೆ ಮಾಡಿದರು.

ಡೆಟ್ರಾಯಿಟ್‌ನ ಶಾಲೆಗಳಲ್ಲಿ ಮಕ್ಕಳನ್ನು ಬಣ್ಣ ನೋಡಿ ಬೇರ್ಪಡಿಸಿದ್ದರಲ್ಲಿ ನಗರದ ಜೊತೆ ರಾಜ್ಯದ ಕೈಯೂ ಇದೆ ಎಂದು ನ್ಯಾಯಾಧೀಶ ಸ್ಟೀಫನ್ ರಾತ್ ತೀರ್ಮಾನಿಸಿದರು. ನಗರದೊಳಗಷ್ಟೇ ಬೆರೆಸೋಣವೆಂದರೆ ಬೆರೆಸಲು ಬಿಳಿಯ ಮಕ್ಕಳು ಉಳಿದಿರಬೇಕಲ್ಲ? 1972ರಲ್ಲಿ ಸುತ್ತಲಿನ 53 ಉಪನಗರ ಶಾಲಾ ಜಿಲ್ಲೆಗಳನ್ನೂ, ಮಕ್ಕಳನ್ನು ಗಡಿಯಾಚೆಯ ಶಾಲೆಗಳಿಗೆ ಒಯ್ಯುವ ಬಸ್ಸಿನ ಯೋಜನೆಗೆ ಸೇರಿಸಿದರು.

ಅಲ್ಲಿಗೆ ಬಸ್ಸು ಎಂಬುದು ಮಹಾಮಾರಿಯಾಯಿತು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳನ್ನು ಪಕ್ಕದ ಬಿಳಿಯರ ಶಾಲೆ ದಾಟಿಸಿ ದೂರಕ್ಕೆ ಹೊತ್ತೊಯ್ದಷ್ಟು ಕಾಲ ಅದು ಬರೀ ವಾಹನವಾಗಿತ್ತು. ಹತ್ತಿರದ ಪಾಂಟಿಯಾಕ್‌ನಲ್ಲಿ 1971ರಲ್ಲೇ ಹತ್ತು ಶಾಲಾ ಬಸ್ಸುಗಳನ್ನು ಬಾಂಬಿಟ್ಟು ಉಡಾಯಿಸಿದ್ದರು. ಪಾಪ, ಎಳೆ ಮಕ್ಕಳಿಗೆ ಪ್ರಯಾಣದ ಆಯಾಸವಾದೀತೆಂಬ ಕಾಳಜಿ ಇರಬೇಕು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೇಕೆ ಬರೆ ಎಂದು ಉಪನಗರಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ಎತ್ತೂ ಎಮ್ಮೆಯೂ ಮಿಷಿಗನ್ ರಾಜ್ಯದ ಒಂದೇ ಕೊಟ್ಟಿಗೆಯವು ಎಂಬುದು ನೋಡುವವರಿಗೆಲ್ಲ ಕಾಣುತ್ತಿತ್ತು. 1974ರ ಜುಲೈ 25ರಂದು ಐವರು ನ್ಯಾಯಮೂರ್ತಿಗಳಿಗೆ ಕಾಣಲಿಲ್ಲ; ನಾಲ್ವರಿಗೆ ಕಂಡಿತು, ಸೋತರು. ಉಪನಗರಗಳ ತಪ್ಪು ರುಜುವಾತಾಗಿಲ್ಲ, ಸ್ಥಳೀಯ ಆಡಳಿತ ದೊಡ್ಡದು, ಆದ್ದರಿಂದ ಪರಿಹಾರ ಗಡಿಯಲ್ಲೇ ನಿಲ್ಲಲಿ ಎಂದರು ಮುಖ್ಯ ನ್ಯಾಯಮೂರ್ತಿ ಬರ್ಗರ್. ನಗರದ ಶಾಲೆಗಳಲ್ಲಿ ಕಪ್ಪು ಮಕ್ಕಳೇ ತುಂಬಿಕೊಂಡಿದ್ದೇಕೆ ಎನ್ನುವುದು ತಿಳಿಯದ, ಪ್ರಾಯಶಃ ತಿಳಿಯಲಾಗದ ಸಂಗತಿ ಎಂಬರ್ಥದಲ್ಲಿ ನ್ಯಾಯಮೂರ್ತಿ ಸ್ಟೀವರ್ಟ್ ಬರೆದರು. ಗೋಡೆ ಆಗಲೂ ನಿಂತೇ ಇತ್ತು. ಸಾಕ್ಷಿಗೆ ಕರೆದಿದ್ದರೆ ಬರುತ್ತಿರಲಿಲ್ಲ, ನಿಜ, ಹೋಗಿ ನೋಡಬಹುದಿತ್ತು.

ಆ ತೀರ್ಪಿಗೆ ತಿಂಗಳ ಹಿಂದಷ್ಟೇ ಬಾಸ್ಟನ್‌ನಲ್ಲಿ ನ್ಯಾಯಾಧೀಶ ಗ್ಯಾರಿಟಿ, ನಗರದ ಶಾಲೆಗಳಲ್ಲಿ ಮಕ್ಕಳನ್ನು ಬೆರೆಸಬೇಕೆಂದು ತೀರ್ಪು ಕೊಟ್ಟಿದ್ದರು. ಆ ಸೆಪ್ಟೆಂಬರಿನಲ್ಲಿ ರಾಕ್ಸ್‌ಬರಿಯ ಬಡ ಕರಿಯರ ಮಕ್ಕಳೂ ಸೌತ್ ಬಾಸ್ಟನ್ನಿನ ಬಡ ಬಿಳಿಯರ ಮಕ್ಕಳೂ ಬಸ್ಸು ಹತ್ತಿ ಒಬ್ಬರ ಬಡ ಶಾಲೆಗೆ ಇನ್ನೊಬ್ಬರು ಹೋಗಬೇಕಾಯಿತು. ಕಪ್ಪು ಮಕ್ಕಳು ಬಂದಿಳಿದ ಬಸ್ಸಿಗೆ ಕಲ್ಲು ಬಿತ್ತು. ಗ್ಯಾರಿಟಿಯವರ ಮನೆ ಇದ್ದದ್ದು ಉಪನಗರ ವೆಲ್ಸ್ಲಿಯಲ್ಲಿ. ಆ ಬಸ್ಸುಗಳ ಮಾರ್ಗದಲ್ಲಿ ವೆಲ್ಸ್ಲಿ ಇರಲಿಲ್ಲ.