ದೂರ ಎಸೆತದ ಖಂಡನೆ: ಕಡಲತಡಿಯ ಗಾಳಶಾಸ್ತ್ರಕ್ಕೆ ಒಂದು ವಿನಮ್ರ ತಿದ್ದುಪಡಿ

ಪಣಂಬೂರಿನಿಂದ ಕಾರವಾರದ ತನಕ ಮರಳ ದಂಡೆಯಲ್ಲಿ ಗಾಳ ಹಿಡಿದು ನಿಂತವರನ್ನು ಕೂಲಂಕಷವಾಗಿ ಗಮನಿಸಿದರೆ ಒಂದು ಗಹನವಾದ ತಾತ್ತ್ವಿಕ ಸಮಸ್ಯೆ ಎದುರಾಗುತ್ತದೆ. ಗಾಳದವನು ಮೊಣಕಾಲುದ್ದ ನೀರಿಗಿಳಿದು, 12 ಅಡಿಯ ರಾಡನ್ನು ಬೆನ್ನ ಹಿಂದಕ್ಕೆ ತಂದು, ಸೊಂಟ ತಿರುವಿ, 100 ಗ್ರಾಂ ತೂಕದ ಸೀಸದ ಗುಂಡನ್ನು ಅರಬ್ಬೀ ಸಮುದ್ರದೊಳಕ್ಕೆ ತನ್ನಿಂದಾದಷ್ಟು ದೂರ ಬೀಸಿ ಒಗೆಯುತ್ತಾನೆ. ಮೀನು ಇರುವುದು ಅವನ ಮೊಣಕಾಲಿನ ಆಸುಪಾಸಿನಲ್ಲಿ. ಹಿಂದಿನ ವಿದ್ವಾಂಸರು ಇದನ್ನು ಗುರುತಿಸದೆ ಹೋದದ್ದಕ್ಕೆ ಅವರೂ ಅಷ್ಟೇ ದೂರ ಒಗೆಯುತ್ತಿದ್ದುದೇ ಕಾರಣವಿರಬೇಕು. ದೂರ ಎಸೆತದ ಗುರಿ ಮೀನಲ್ಲ, ನೋಡುಗರು ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಹಿಂದೆ ಚುರುಮುರಿ ತಿನ್ನುತ್ತ ನಿಂತವರ ಸಂಖ್ಯೆ ಏರಿದಂತೆಲ್ಲ ಗುಂಡು ಹೋಗಿ ಬೀಳುವ ದೂರವೂ ಏರುತ್ತದೆ ಎಂಬುದು ಅದರ ಉಪಪ್ರಮೇಯ.

ಮೊದಲು ಅನುಮಾನ ಪ್ರಮಾಣ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆಯೆಂದು ತಿಳಿಯಬೇಕು ಎನ್ನುವುದು ತರ್ಕಶಾಸ್ತ್ರದ ಮೊದಲ ಪಾಠ. ಕಡಲಿನಲ್ಲಿ ಹೊಗೆಯ ಸ್ಥಾನ ನೊರೆಗೆ ಸಲ್ಲುತ್ತದೆ. ನೀರಿನ ಆಳ ತನ್ನ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಮುರಿಯುತ್ತದೆ. ಆದ್ದರಿಂದ ಒಂದು ಮೀಟರಿನ ಅಲೆ ದಡದಿಂದ ಆಚೆಯೇ ಸಾಲಾಗಿ ಮುರಿದು ಬೆಳ್ಳಗಾದರೆ ಅಲ್ಲಿ ಆಳ ನಾಲ್ಕಡಿ ಚಿಲ್ಲರೆ, ಅಂದರೆ ಅಡಿಯಲ್ಲಿ ಮರಳ ದಿಬ್ಬವಿದೆ. ಮುಂಗಾರು ದಡದಿಂದ ಕೊಚ್ಚಿಕೊಂಡು ಹೋದ ಮರಳು ಹಾಗೆ ದಿಬ್ಬ ಕಟ್ಟಿ ಕೂತು, ಮಳೆಗಾಲ ಕಳೆದ ಮೇಲೆ ಸಾವಕಾಶವಾಗಿ ದಡ ಸೇರುತ್ತದೆ. ದಿಬ್ಬ ದಾಟಿದ ಅಲೆ ಸ್ವಲ್ಪ ತಣ್ಣಗಾಗಿ, ದಡದ ಹತ್ತಿರ ಇನ್ನೊಮ್ಮೆ ಮುರಿಯುತ್ತದೆ. ಈ ಎರಡು ಬಿಳಿ ಗೆರೆಗಳ ನಡುವೆ ಕಪ್ಪಗೆ ಕಾಣುವ ಪಟ್ಟಿಯೇ ಕಾಲುವೆ. ಅಲೆ ಕೆದಕಿ ಎಬ್ಬಿಸಿದ ಹುಳು, ಮರಿಸಿಗಡಿ, ಮರಳಿನಲ್ಲಿ ಹುದುಗುವ ಪುಟ್ಟ ಏಡಿ ಎಲ್ಲ ಅಲ್ಲಿಗೇ ಬಂದು ಸೇರುತ್ತವೆ. ಎಲೆ ಹಾಕಿ ಬಡಿಸಿದ ಇಂಥ ಪಂಕ್ತಿಯನ್ನು ಬಿಟ್ಟು ಮೀನು ದಿಬ್ಬದ ಆಚೆಗೆ ಹೋಗಿ ಗಾಳಕ್ಕಾಗಿ ಕಾಯಬೇಕೆಂದು ನಿರೀಕ್ಷಿಸುವುದು ಆತಿಥ್ಯಧರ್ಮಕ್ಕೂ ವಿರುದ್ಧ.

ಪ್ರತ್ಯಕ್ಷ ಪ್ರಮಾಣಕ್ಕೆ ಕಾಣೆ ಮೀನು ಸಾಕು. ನೊಗ್ಲಿ ಎಂಬ ಹೆಸರೂ ಇರುವ, ಹೋಟೆಲಿನಲ್ಲಿ ರವೆ ಹಚ್ಚಿ ಹುರಿದಾಗ ಮಾತ್ರ ಹೆಚ್ಚಿನವರಿಗೆ ಪರಿಚಯವಾಗುವ ಮೀನು ಇದು. ಗೇಣುದ್ದದ ದುಂಡನೆಯ ದೇಹ, ಮರಳಿನದೇ ಬಣ್ಣ, ಚೂಪು ಮೂತಿಯ ತುದಿಯಲ್ಲಿ ಪುಟ್ಟ ಬಾಯಿ. ಆ ಮೂತಿಯಿಂದ ಮರಳು ಕೆದಕಿ ಹುಳು ಹೆಕ್ಕುತ್ತದೆ. ಬೆದರಿದರೆ ತಾನೇ ಮರಳೊಳಗೆ ಹೂತುಕೊಳ್ಳುತ್ತದೆ. ಗಾಳದವನು ದಿಗಂತಕ್ಕೆ ಕಣ್ಣು ನೆಟ್ಟು ನಿಂತಿರುವಾಗ ಅವನ ಅಂಗಾಲಿನಡಿಯಲ್ಲೇ ಮೀನು ಇರುವ ಸಾಧ್ಯತೆಯನ್ನು ಯಾವ ಶಾಸ್ತ್ರವೂ ತಳ್ಳಿಹಾಕಿಲ್ಲ. ಅವನ ಪಕ್ಕದಲ್ಲೇ ಬೀಸುಬಲೆಯವನು ಮೀನಗಂಡಕ್ಕಿಂತ ಮೇಲೆ ನೆನೆಯದೆ ಸಾರಿಗಾಗುವಷ್ಟು ಹಿಡಿದುಕೊಂಡು ಮನೆಗೆ ಹೋಗಿರುತ್ತಾನೆ. ಅವನನ್ನು ಯಾರೂ ನಿಂತು ನೋಡುವುದಿಲ್ಲ ಎಂಬುದೂ ಇಲ್ಲಿ ಪುರಾವೆಯೇ.

ಶಬ್ದಪ್ರಮಾಣವೂ ಉಂಟು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆ, ಪ್ರಾಣಿವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಅದರ ಮೇಲೆ ಲೇಖನವನ್ನೇ ಬರೆದರು. ಯಾವ ಮೀನಿಗೆ ಯಾವ ತಿನಿಸು ಒಗ್ಗುತ್ತದೆಂದು ಅರಸ ತಲೆ ಕೆಡಿಸಿಕೊಂಡಿದ್ದಾನೆ. ಮೀನಿನ ಹೊಟ್ಟೆಯಿಂದ ಯೋಚಿಸಲು ಶುರುಮಾಡುವುದೇ ಸರಿಯಾದ ಕ್ರಮ. ಕಲ್ಯಾಣದಲ್ಲಿ ಕಡಲೆಲ್ಲಿದೆ ಎಂದು ಕೇಳುವವರಿಗೆ, ಆತ ಕಡಲ ಮೀನುಗಳನ್ನೂ ಪಟ್ಟಿಗೆ ಸೇರಿಸಿದ್ದಾನೆ ಎಂಬುದೇ ಉತ್ತರ. ಇದಕ್ಕೆ ಪ್ರತಿಯಾಗಿ, ಪಶ್ಚಿಮದ ದೇಶಗಳಲ್ಲಿ ದೂರ ಎಸೆತದ ಪಂದ್ಯಗಳೇ ನಡೆಯುತ್ತವೆ. 150 ಗ್ರಾಮಿನ ಗುಂಡು 200 ಮೀಟರ್ ದಾಟಿ ಹೋಗುತ್ತದೆ. ನಡೆಯುವುದು ಹುಲ್ಲಿನ ಮೈದಾನದಲ್ಲಿ. ನೀರೂ ಬೇಡ, ಮೀನೂ ಬೇಡ, ಗಾಳದ ಕೊಕ್ಕೆಯೂ ಬೇಡ. ಪ್ರೇಕ್ಷಕರು ಮಾತ್ರ ಬೇಕು. ನಮ್ಮ ಪ್ರತಿಜ್ಞೆಗೆ ಇಷ್ಟು ಶುದ್ಧವಾದ ದೃಷ್ಟಾಂತವನ್ನು ಎದುರಾಳಿಗಳೇ ಒದಗಿಸಿದ್ದಕ್ಕೆ ಕೃತಜ್ಞತೆ ಸಲ್ಲಬೇಕು.

ಇನ್ನು ಪೂರ್ವಪಕ್ಷ. ದೊಡ್ಡ ಮೀನು ದೂರದಲ್ಲಿದೆ ಎನ್ನುತ್ತಾರೆ. ಒಪ್ಪೋಣ. ಆದರೆ ಅಂಜಲ್ ಹಿಡಿಯುವವರು ದೋಣಿಯಲ್ಲಿ ಮೈಲಿಗಟ್ಟಲೆ ಹೋಗುತ್ತಾರೆ; ದಡದಿಂದ ಒಗೆದ ಗುಂಡು ಮುಟ್ಟುವ 80 ಮೀಟರ್ ಎಂಬುದು ಕಾಣೆಗೆ ಹೆಚ್ಚಾಯಿತು, ಅಂಜಲಿಗೆ ಕಡಿಮೆಯಾಯಿತು. ಕೈರಂಪಣಿಯವರು ದೋಣಿಯಲ್ಲಿ ಆಚೆ ಹೋಗಿ ಬಲೆ ಬಿಟ್ಟು ಬರುತ್ತಾರಲ್ಲ ಎಂಬ ಆಕ್ಷೇಪ ಇದಕ್ಕಿಂತ ಬಲವಾದದ್ದು. ಆದರೆ ಅವರು ಬಲೆಯ ಎರಡು ಹಗ್ಗಗಳನ್ನೂ ಹತ್ತಾರು ಜನ ಸೇರಿ ದಡಕ್ಕೇ ಎಳೆಯುತ್ತಾರೆ, ಕಾಲುವೆಯನ್ನೂ ಗುಡಿಸಿಕೊಂಡೇ ಬರುತ್ತಾರೆ. ಹತ್ತಿರ ಹಾಕಿದರೆ ಏಡಿ ಎರೆ ಕತ್ತರಿಸುತ್ತದೆ ಎಂಬ ದೂರು ನಿಜ. ಏಡಿಗೆ ಗೊತ್ತಿರುವುದು ಗಾಳದವನಿಗೆ ಗೊತ್ತಿಲ್ಲ ಎಂದಷ್ಟೇ ಅದರ ಅರ್ಥ. ಹಾಗಾದರೆ ಅಷ್ಟುದ್ದದ ರಾಡ್ ಯಾಕೆ? ಮರಳಲ್ಲಿ ನೆಟ್ಟಾಗ ತಂಗೂಸಿ ದಡದ ಅಲೆಗಿಂತ ಮೇಲಿರಲಿ ಎಂದು.

ಉಳಿದದ್ದು ಮರ್ಯಾದೆಯ ಪ್ರಶ್ನೆ. ಅಷ್ಟು ಬೆಲೆಯ ರಾಡ್ ಹಿಡಿದು ಇಪ್ಪತ್ತು ಅಡಿ ದೂರಕ್ಕೆ ಗಾಳ ಇಳಿಬಿಟ್ಟರೆ ಚುರುಮುರಿಯವರು ನಕ್ಕಾರು ಎಂಬ ಭಯ ಆಧಾರರಹಿತವಲ್ಲ. ಇದಕ್ಕೆ ಶಾಸ್ತ್ರಸಮ್ಮತ ಪರಿಹಾರವಿದೆ: ಎಲ್ಲರೂ ನೋಡುವಂತೆ ಒಮ್ಮೆ ಭರ್ಜರಿಯಾಗಿ ದಿಬ್ಬದ ಆಚೆಗೆ ಒಗೆಯಬೇಕು. ಜನ ಮೆಚ್ಚಿ ಮುಖ ತಿರುಗಿಸಿದ ಮೇಲೆ, ರೀಲನ್ನು ಮೆಲ್ಲಗೆ ಸುತ್ತುತ್ತ, ಗುಂಡು ದಿಬ್ಬದ ಏರು ಹತ್ತಿ ಇಳಿದದ್ದು ಕೈಗೆ ತಿಳಿದ ಕೂಡಲೇ ನಿಲ್ಲಿಸಬೇಕು. ಅಲ್ಲಿ ಕಾಣೆ ಕಚ್ಚಿದರೆ, ಎಷ್ಟು ದೂರದಲ್ಲಿ ಸಿಕ್ಕಿತು ಎಂದು ಕೇಳಿದವರಿಗೆ ದಿಗಂತದ ಕಡೆ ಗಲ್ಲ ತೋರಿಸಿದರಾಯಿತು.